ಪುಟದ ಮೇಲೆ ಹರಿಯುವ ಕಾಲ: ಮಾಂಗಾ, ಕಾಮಿಕ್ಸ್ ಮತ್ತು ಕನ್ನಡದ ಚಿತ್ರಕಥೆ

ಜಪಾನಿನ ಮಾಂಗಾವನ್ನೂ ಅಮೆರಿಕದ ಕಾಮಿಕ್ಸನ್ನೂ ಹೋಲಿಸುವ ಬರಹಗಳು ಸಾಮಾನ್ಯವಾಗಿ ಮುಖ ಮತ್ತು ಮೈಕಟ್ಟಿನ ವರ್ಣನೆಯಲ್ಲೇ ನಿಂತುಬಿಡುತ್ತವೆ: ಒಂದರಲ್ಲಿ ಅಗಲ ಕಣ್ಣು, ಚೂಪು ಗದ್ದ, ಗಾಳಿಗೆ ಹಾರುವ ಕೂದಲು, ಇನ್ನೊಂದರಲ್ಲಿ ಉಬ್ಬಿದ ಸ್ನಾಯು, ಮೈಗಂಟಿದ ಉಡುಪು, ಬೆನ್ನ ಮೇಲೊಂದು ಹೊದಿಕೆ. ಈ ವ್ಯತ್ಯಾಸ ಸುಳ್ಳಲ್ಲವಾದರೂ ಅದು ಮೇಲುಮೇಲಿನದು. ಎರಡೂ ದೇಶಗಳಲ್ಲಿ ಈ ಚಹರೆಗೆ ಸೊಪ್ಪು ಹಾಕದ ಚಿತ್ರಕಾರರು ಬೇಕಾದಷ್ಟಿದ್ದಾರೆ, ಮತ್ತು ಒಬ್ಬರ ಕಣ್ಣನ್ನು ಇನ್ನೊಬ್ಬರು ಎರವಲು ಪಡೆದ ಪ್ರಸಂಗಗಳೂ ಕಡಿಮೆಯಿಲ್ಲ. ಕಥೆಯ ಕಾಲವನ್ನು ಪುಟದ ಮೇಲೆ ಹೇಗೆ ಹರಡಲಾಗುತ್ತದೆ, ಅದಕ್ಕೆ ಎಷ್ಟು ಪುಟ, ಎಷ್ಟು ಬಣ್ಣ, ಎಷ್ಟು ಕೈಗಳು ಒದಗುತ್ತವೆ ಎಂಬುದರಲ್ಲಿ ನಿಜವಾದ ಅಂತರವಿದೆ. ಹೀಗೆ ನೋಡಿದಾಗ ಕನ್ನಡದ ಓದುಗನಿಗೆ ಈ ಹೋಲಿಕೆ ದೂರದ ಎರಡು ದೇಶಗಳ ವಿಚಾರವಾಗಿ ಉಳಿಯುವುದಿಲ್ಲ. ಏಕೆಂದರೆ ಕನ್ನಡದ ಚಿತ್ರಕಥೆ 1960ರ ದಶಕದಲ್ಲಿ ಅಮೆರಿಕದ ಪುಟವನ್ನು ಬಹುಮಟ್ಟಿಗೆ ಹಾಗೆಯೇ ಬರಮಾಡಿಕೊಂಡಿತು, ಆದರೆ ಕನ್ನಡ ನಾಡಿನ ಹಳೆಯ ಚಿತ್ರ ಸಂಸ್ಕಾರವೂ ಇಂದಿನ ಮುದ್ರಣದ ಸ್ಥಿತಿಗತಿಯೂ ಜಪಾನಿನ ದಾರಿಗೆ ಹೆಚ್ಚು ಹತ್ತಿರವಾಗಿವೆ.

ಆ ಬರಮಾಡಿಕೊಂಡ ಕಥೆಯನ್ನು ಮೊದಲು ಹೇಳಬೇಕು. 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಮಾಲೆಯನ್ನು ಆರಂಭಿಸಿ, ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್‌ನನ್ನು ಭಾರತೀಯ ಭಾಷೆಗಳಿಗೆ ತಂದಿತು, ಕನ್ನಡವೂ ಅವುಗಳಲ್ಲೊಂದು. ಮರುವರ್ಷ, 1965ರಲ್ಲಿ, ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಹೊರಬಂದವು. ಅವು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಅಲ್ಲ, ಕನ್ನಡದಲ್ಲಿ ಬಂದವು ಎಂಬುದನ್ನು ಕನ್ನಡಿಗರೇ ಮರೆತಂತಿದೆ. ಆದರೆ ಅವುಗಳ ಒಳಗಿದ್ದದ್ದು ಅಮೆರಿಕದ ಮಕ್ಕಳ ಮಾಲೆಯೊಂದರಿಂದ ತಂದ ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳು ಮತ್ತು ಅಲ್ಲಿಯದೇ ಚಿತ್ರಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ ಸಂಪಾದಕತ್ವ ವಹಿಸಿಕೊಂಡ ಮೇಲೆ ರಾಮ್ ವಾಯೀರ್‌ಕರ್ ಚಿತ್ರಿಸಿದ ‘ಕೃಷ್ಣ’ ಹೊರಬಂದಿತು. ಕನ್ನಡದ ಹತ್ತು ಸಂಚಿಕೆಗಳು ಆಗಲೇ ಆಗಿದ್ದುದರಿಂದ ಅದರ ಕ್ರಮಸಂಖ್ಯೆ 11. ಕಥೆ ಭಾರತೀಯವಾಯಿತು, ಮುಖಗಳಿಗೆ ರವಿವರ್ಮನ ಕ್ಯಾಲೆಂಡರ್ ಚಿತ್ರಗಳ ಛಾಯೆ ಬಂತು. ಪುಟದ ವಿನ್ಯಾಸ ಮಾತ್ರ ಅಮೆರಿಕದ್ದಾಗಿಯೇ ಉಳಿಯಿತು. ಮೂವತ್ತೆರಡು ಪುಟ, ನಾಲ್ಕು ಬಣ್ಣ, ಪುಟಕ್ಕೆ ಐದಾರು ಚೌಕಟ್ಟು, ಪ್ರತಿ ಚೌಕಟ್ಟಿನ ನೆತ್ತಿಯಲ್ಲಿ ನಡೆದದ್ದನ್ನು ಹೇಳುವ ಒಂದು ಪಟ್ಟಿ: ಇದು ಮುಂದೆ ಭಾರತದಲ್ಲಿ ಚಿತ್ರಕಥೆಯ ಏಕೈಕ ರೂಪವೆಂಬಂತೆ ನೆಲೆನಿಂತಿತು. ಆಮೇಲೆ ಕನ್ನಡದ ಮಕ್ಕಳು ಬಾಯಿಪಾಠ ಮಾಡಿದ ಬಾಲಮಂಗಳದ ಡಿಂಗ, ನೆರೆಯ ಮಲಯಾಳದಿಂದ ಬಂದ ಇಲಿಯಾದರೂ, ಅವನ ಬಿಗಿಯುಡುಪು, ಮೇಲುಹೊದಿಕೆ, ಅತಿಮಾನುಷ ಬಲ ಇವೆಲ್ಲ ಸೂಪರ್‌ಮ್ಯಾನ್ ವಂಶದವೇ.

ಅಮೆರಿಕದ ಪುಟ ಹಾಗಾಗಲು ಕಾರಣಗಳು ಸೌಂದರ್ಯದವು ಎನ್ನುವುದಕ್ಕಿಂತ ವ್ಯಾಪಾರದವು. ಅಲ್ಲಿಯ ಕಾಮಿಕ್ಸ್ ದಿನಪತ್ರಿಕೆಯ ಪಟ್ಟಿಚಿತ್ರಗಳಿಂದ ಬೆಳೆದು, 1938ರ ಜೂನ್ ಸಂಚಿಕೆಯ ಆ್ಯಕ್ಷನ್ ಕಾಮಿಕ್ಸ್‌ನಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ ಮೇಲೆ ತಿಂಗಳಿಗೊಮ್ಮೆ ಬರುವ ತೆಳು ಪುಸ್ತಕವಾಗಿ ನಿಂತಿತು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಆ ಪಾತ್ರದ ಹಕ್ಕನ್ನು 130 ಡಾಲರಿಗೆ ಮಾರಿಕೊಂಡಿದ್ದರು. ಅಂದರೆ ಪಾತ್ರ ಕಂಪನಿಯ ಸೊತ್ತು, ಚಿತ್ರಕಾರ ಕೂಲಿಯವನು. ಜಾಹೀರಾತು ಕಳೆದು ಉಳಿದ ಇಪ್ಪತ್ತು ಚಿಲ್ಲರೆ ಪುಟಗಳಲ್ಲಿ ತಿಂಗಳ ಕಥೆ ಮುಗಿಯಬೇಕಾದುದರಿಂದ ಪ್ರತಿ ಚೌಕಟ್ಟೂ ಒಂದು ಘಟನೆಯನ್ನು ಹೊರಬೇಕಾಯಿತು. ಕೆಲಸವೂ ಹಂಚಿಹೋಯಿತು: ಒಬ್ಬ ಸೀಸದ ಕಡ್ಡಿಯಲ್ಲಿ ರೇಖಿಸಿದರೆ ಇನ್ನೊಬ್ಬ ಶಾಯಿ ತುಂಬುತ್ತಿದ್ದ, ಮತ್ತೊಬ್ಬ ಬಣ್ಣ ಸೂಚಿಸುತ್ತಿದ್ದ, ಅಕ್ಷರ ಬರೆಯುವವನು ನಾಲ್ಕನೆಯವನು. ಮಾರ್ವೆಲ್ ಸಂಸ್ಥೆಯಲ್ಲಿ ಸ್ಟ್ಯಾನ್ ಲೀ ಕಥೆಯ ಸಾರಾಂಶವನ್ನಷ್ಟೇ ಕೊಟ್ಟು, ಜ್ಯಾಕ್ ಕರ್ಬಿಯಂಥವರು ಪುಟಗಳನ್ನು ಬಿಡಿಸಿದ ಮೇಲೆ ಸಂಭಾಷಣೆ ಕೂಡಿಸುವ ಪದ್ಧತಿಯನ್ನು ರೂಢಿಗೆ ತಂದರು. ಪಾತ್ರವೊಂದನ್ನು ದಶಕಗಳ ಕಾಲ ಹತ್ತಾರು ಕೈಗಳು ಬಿಡಿಸಬೇಕಾದಾಗ ಮುಖಕ್ಕಿಂತ ಉಡುಪು, ಲಾಂಛನ, ಬಣ್ಣ ಇವೇ ಪಾತ್ರದ ಗುರುತಾಗುತ್ತವೆ.

ಬಣ್ಣದ ವಿಷಯವಂತೂ ವಿಚಿತ್ರ. ಅಗ್ಗದ ಕಾಗದದ ಮೇಲೆ ಚುಕ್ಕೆಗಳನ್ನು ಒತ್ತಿ ನೆರಳು ಮೂಡಿಸುವ ಮುದ್ರಣದಲ್ಲಿ ಬಣ್ಣವು ಚಿತ್ರದ ಮೇಲೆ ಆಮೇಲೆ ಹೊದಿಸಿದ ಪದರವಾಗಿತ್ತೇ ಹೊರತು ಚಿತ್ರಕಾರನ ಕೈಯ ಭಾಗವಾಗಿರಲಿಲ್ಲ. ಫ್ಯಾಂಟಮ್‌ನ ಉಡುಪು ಅಮೆರಿಕದಲ್ಲಿ ನೇರಳೆ, ಇಟಲಿಯಲ್ಲಿ ಕೆಂಪು, ಸ್ಕ್ಯಾಂಡಿನೇವಿಯದಲ್ಲಿ ನೀಲಿಯಾಗಿರುವುದು ಇದಕ್ಕೆ ಸಾಕ್ಷಿ. ಕನ್ನಡದ ಓದುಗರಿಗೆ ಪರಿಚಿತವಾದ ಸೈ ಬ್ಯಾರಿ ಬಿಡಿಸಿದ ಫ್ಯಾಂಟಮ್ ಪುಟವೊಂದನ್ನು ಹತ್ತಿರದಿಂದ ನೋಡಿದರೆ ಬಣ್ಣವನ್ನು ಪೂರ್ತಿ ತೆಗೆದರೂ ಚಿತ್ರ ಕುಸಿಯುವುದಿಲ್ಲವೆಂಬುದು ತಿಳಿಯುತ್ತದೆ. ಕುಂಚದಿಂದ ಎಳೆದ ಗೆರೆ ತೋಳಿನ ತಿರುವಿನಲ್ಲಿ ದಪ್ಪಗಾಗಿ, ಬೆಳಕು ಬೀಳುವೆಡೆ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ತಲೆಬುರುಡೆಯ ಗವಿಯ ನೆರಳು ಒಂದೇ ಕಪ್ಪು ಮುದ್ದೆಯಾಗಿ ಕೂತು ಮುಂದಿನ ಆಕೃತಿಯನ್ನು ಎತ್ತಿ ಹಿಡಿಯುತ್ತದೆ. ಆಕೃತಿಗೂ ಹಿನ್ನೆಲೆಗೂ ಒಂದೇ ಮಟ್ಟದ ಮುಗಿತಾಯವಿದೆ. ಹೊಡೆತದ ದೃಶ್ಯದಲ್ಲಿ ಮುಷ್ಟಿ ತಗಲಿದ ಕ್ಷಣ, ಎದುರಾಳಿ ಹಿಂದಕ್ಕೆ ಬೀಳುವುದು, ಮೂರನೆಯವನು ಗಾಬರಿಯಿಂದ ಕೂಗುವುದು ಮೂರೂ ಒಂದೇ ಚೌಕಟ್ಟಿನಲ್ಲಿ ಇರುತ್ತವೆ. ಓದುಗ ಹೊರಗೆ ನಿಂತು ನೋಡುತ್ತಾನೆ. ಕರ್ಬಿಯ ಪುಟಗಳಲ್ಲಿ ಈ ಗುಣ ಇನ್ನೂ ಉಗ್ರವಾಗಿ, ಮುಂದಕ್ಕೆ ಚಾಚಿದ ಕೈ ಪುಟದಿಂದ ಹೊರಬರುವಂತೆ ಹಿಗ್ಗುತ್ತದೆ. ಆದರೂ ಅದು ಒಂದು ಕ್ಷಣದ ವೈಭವವೇ ಹೊರತು ಕ್ಷಣದಿಂದ ಕ್ಷಣಕ್ಕೆ ಸಾಗುವ ನಡೆಯಲ್ಲ.

ಜಪಾನಿನಲ್ಲಿ ಮಾಂಗಾ ಎಂಬ ಹೆಸರು ಹಳೆಯದು. ಹೊಕುಸಾಯ್ 1814ರಿಂದ ಹೊರತಂದ ರೇಖಾಚಿತ್ರ ಸಂಪುಟಗಳಿಗೂ ಅದೇ ಹೆಸರಿದೆ. ಆದರೆ ಅವುಗಳಲ್ಲಿ ಕಥೆಯ ಸರಣಿ ಇಲ್ಲವಾದ್ದರಿಂದ ಇಂದಿನ ಮಾಂಗಾದ ವಂಶವೃಕ್ಷವನ್ನು ನೇರವಾಗಿ ಅಲ್ಲಿಗೆ ಒಯ್ಯುವುದು ಅಭಿಮಾನದ ಮಾತಷ್ಟೇ. ಹೆಚ್ಚು ಹತ್ತಿರದ ಮೂಲವೆಂದರೆ 1930ರ ದಶಕದಲ್ಲಿ ಬೀದಿಬೀದಿಗಳಲ್ಲಿ ನಡೆಯುತ್ತಿದ್ದ ಕಾಮಿಶಿಬಾಯ್, ಅಂದರೆ ಸೈಕಲ್ಲಿನ ಮೇಲಿಟ್ಟ ಮರದ ಚೌಕಟ್ಟಿನೊಳಗೆ ಒಂದೊಂದೇ ಕಾಗದದ ಚಿತ್ರವನ್ನು ಸರಿಸುತ್ತ ಕಥೆ ಹೇಳುವ ಆಟ. ಶಿಗೆರು ಮಿಜುಕಿ, ಸಾಂಪೆ ಶಿರಾಟೊ ಮುಂತಾದ ದೊಡ್ಡ ಮಾಂಗಾಕಾರರು ಈ ಆಟಕ್ಕೆ ಚಿತ್ರ ಬರೆದು ಕೈಪಳಗಿಸಿಕೊಂಡವರು. ಯುದ್ಧಾನಂತರದ ಬಡತನದಲ್ಲಿ ಕಾಗದ ಒರಟು, ಶಾಯಿ ಒಂದೇ, ಓದುವ ಮಕ್ಕಳು ಲಕ್ಷಗಟ್ಟಲೆ. ಒಸಾಮು ತೆಜುಕಾ 1947ರ ‘ಹೊಸ ನಿಧಿ ದ್ವೀಪ’ ಕೃತಿಯಲ್ಲಿ ಕಾರೊಂದು ಬಂದರಿನ ಕಡೆ ಓಡುವುದನ್ನು ಸಿನಿಮಾದ ಕ್ಯಾಮೆರಾ ಹಿಂಬಾಲಿಸಿದಂತೆ ಹಲವು ಚೌಕಟ್ಟುಗಳಿಗೆ ಬಿಡಿಸಿ ಹಾಕಿದರು. ಅಮೆರಿಕದ ಪುಟದಲ್ಲಿ ಇದಕ್ಕೆ ಒಂದು ಚೌಕಟ್ಟು ಸಿಕ್ಕಿದ್ದರೆ ಹೆಚ್ಚು. ಮುಂದೆ ವಾರಪತ್ರಿಕೆಗಳು ಬೆಳೆದವು. 1968ರಲ್ಲಿ ಆರಂಭವಾದ ಶೋನೆನ್ ಜಂಪ್ 1990ರ ದಶಕದ ನಡುವೆ ವಾರಕ್ಕೆ 65 ಲಕ್ಷ ಪ್ರತಿ ದಾಟಿತು. ನಾನೂರಕ್ಕೂ ಮಿಕ್ಕ ಪುಟಗಳ ಆ ದಪ್ಪ ಪತ್ರಿಕೆಯಲ್ಲಿ ಒಂದು ಧಾರಾವಾಹಿಗೆ ವಾರಕ್ಕೆ ಸುಮಾರು ಇಪ್ಪತ್ತು ಪುಟ ಸಿಗುವುದರಿಂದ ಚಿತ್ರಕಾರನಿಗೆ ಪುಟದ ಬಡತನವಿಲ್ಲ. ಇರುವುದು ಬಣ್ಣದ ಬಡತನ ಮತ್ತು ಸಮಯದ ಬಡತನ.

ಈ ಎರಡು ಬಡತನಗಳಿಂದಲೇ ಮಾಂಗಾದ ರೇಖಾಶೈಲಿ ರೂಪುಗೊಂಡಿತು ಎನ್ನಬಹುದು. ಕುಂಚದ ಬದಲು ಒತ್ತಿದಷ್ಟೂ ದಪ್ಪವಾಗುವ ಲೋಹದ ಮೊನೆಯ ಲೇಖನಿ, ಬಣ್ಣದ ಬದಲು ಸ್ಕ್ರೀನ್‌ಟೋನ್, ಅಂದರೆ ಚುಕ್ಕೆ ಅಥವಾ ಗೆರೆಗಳ ವಿನ್ಯಾಸ ಅಚ್ಚಾಗಿರುವ, ಬೇಕಾದ ಆಕಾರಕ್ಕೆ ಕತ್ತರಿಸಿ ಅಂಟಿಸುವ ಪಾರದರ್ಶಕ ಹಾಳೆ. ಓಡುವವನ ಹಿಂದೆ ಗೆರೆ ಎಳೆಯುವುದು ಎರಡೂ ದೇಶಗಳಲ್ಲಿ ಉಂಟು. ಆದರೆ ಓಡುವವನನ್ನು ಸ್ಥಿರವಾಗಿರಿಸಿ ಹಿನ್ನೆಲೆಯನ್ನೇ ಗೆರೆಗಳಾಗಿ ಕರಗಿಸಿ, ಓದುಗನೂ ಅವನ ಜೊತೆಗೇ ಓಡುತ್ತಿರುವಂತೆ ಮಾಡುವುದನ್ನು ಮಾಂಗಾ ವಿಶೇಷವಾಗಿ ಬೆಳೆಸಿತು. ಮಿಜುಕಿಯಂಥವರು ಹಿನ್ನೆಲೆಯ ಮರ, ಮನೆ, ಕಲ್ಲುಗಳನ್ನು ಛಾಯಾಚಿತ್ರದಷ್ಟು ವಿವರವಾಗಿ ಬಿಡಿಸಿ ಅದರ ನಡುವೆ ನಾಲ್ಕು ಗೆರೆಯ ಮುಖವನ್ನು ಇಡುತ್ತಾರೆ. ಸ್ಕಾಟ್ ಮೆಕ್‌ಕ್ಲೌಡ್ ಕಾಮಿಕ್ಸ್ ಕುರಿತ 1993ರ ತಮ್ಮ ಗ್ರಂಥದಲ್ಲಿ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ಉಪಯುಕ್ತವಾಗಿದೆ: ಮುಖ ಎಷ್ಟು ಸರಳವೋ ಓದುಗ ಅದರೊಳಗೆ ಅಷ್ಟು ಸುಲಭವಾಗಿ ಹೊಗುತ್ತಾನೆ. ಚೌಕಟ್ಟಿನಿಂದ ಚೌಕಟ್ಟಿಗೆ ಘಟನೆ ಮುಂದೆ ಸಾಗದೆ, ಒಂದೇ ಜಾಗದ ಬೇರೆಬೇರೆ ಅಂಶಗಳ ಮೇಲೆ, ಸೂರಿನ ಹನಿ, ಖಾಲಿ ಬಾಗಿಲು, ಕಾದಿರುವ ಕೈ ಹೀಗೆ ಕಣ್ಣು ಅಲೆಯುವ ಜೋಡಣೆ ಜಪಾನಿನಲ್ಲಿ ಹೆಚ್ಚು, ಅಮೆರಿಕದ ಮುಖ್ಯಧಾರೆಯಲ್ಲಿ ಅಪರೂಪ ಎಂಬುದನ್ನೂ ಅವರೇ ಎಣಿಸಿ ತೋರಿಸಿದರು. 1970ರ ದಶಕದಲ್ಲಿ ಮೋಟೊ ಹಾಗಿಯೊ ಮೊದಲಾದ ಮಹಿಳೆಯರು ಇನ್ನೂ ಮುಂದೆ ಹೋಗಿ ಚೌಕಟ್ಟಿನ ಗೆರೆಯನ್ನೇ ಅಳಿಸಿ, ಒಂದು ಮುಖದ ಮೇಲೆ ಇನ್ನೊಂದರ ನೆನಪನ್ನೂ ಬಾಯಿಬಿಟ್ಟು ಆಡದ ಮಾತನ್ನೂ ಪದರಪದರವಾಗಿ ಹರಡಿದರು.

ಭಾರತೀಯ ಓದುಗನಿಗೆ ಈ ಅಂತರವನ್ನು ಕಣ್ಣಾರೆ ಕಾಣಿಸುವ ಕೃತಿ ತೆಜುಕಾ ಅವರ ‘ಬುದ್ಧ’. 1972ರಿಂದ 1983ರವರೆಗೆ ಧಾರಾವಾಹಿಯಾಗಿ ಬಂದ ಈ ಬೃಹತ್ ಕೃತಿಯ ಆರಂಭದಲ್ಲೇ ಹಿಮದಲ್ಲಿ ಬಿದ್ದ ಮುದುಕನಿಗಾಗಿ ಕರಡಿ, ನರಿ ಆಹಾರ ತರುವುದು, ಏನೂ ಸಿಗದ ಮೊಲ ತಾನೇ ಬೆಂಕಿಗೆ ಹಾರುವುದು ಬರುತ್ತದೆ. ಜಾತಕ ಕಥೆಯಾಗಿ ಇದು ಕನ್ನಡದ ಮಕ್ಕಳಿಗೂ ಗೊತ್ತಿರುವುದೇ. ಅಮರ ಚಿತ್ರಕಥೆಯ ಕ್ರಮದಲ್ಲಿ ಹೇಳುವುದಾದರೆ ನಾಲ್ಕೈದು ಚೌಕಟ್ಟು ಸಾಕು, ಮತ್ತು ಮೊಲದ ತ್ಯಾಗ ದೊಡ್ಡದೆಂದು ಮೇಲಿನ ಪಟ್ಟಿಯೇ ಹೇಳಿಬಿಡುತ್ತದೆ. ತೆಜುಕಾ ಅವರಲ್ಲಿ ಹಿಮದ ಬಿಳಿ ಪುಟಗಳು ಮಾತಿಲ್ಲದೆ ಸಾಗುತ್ತವೆ. ಪ್ರಾಣಿಗಳು ಹೋಗುತ್ತವೆ, ಬರುತ್ತವೆ, ಮೊಲ ಮುದುಕನ ಮುಖ ನೋಡುತ್ತದೆ. ಅದು ಹಾರುವ ಹೊತ್ತಿಗೆ ಓದುಗನಿಗೆ ಯಾರೂ ಏನನ್ನೂ ಹೇಳಿರುವುದಿಲ್ಲ. ಒಂದೇ ಕಥೆ ಅಲ್ಲಿ ನೀತಿಯಾಗಿ, ಇಲ್ಲಿ ಅನುಭವವಾಗಿ ನಿಲ್ಲುವುದು ಚಿತ್ರಕಾರನ ಪ್ರತಿಭೆಯಿಂದ ಮಾತ್ರವಲ್ಲ, ಅವನಿಗೆ ದೊರೆತ ಪುಟಗಳಿಂದ ಕೂಡ.

ಹಾಗೆಂದು ಎರಡು ಶೈಲಿಗಳನ್ನು ಎರಡು ಕೋಟೆಗಳಂತೆ ಕಾಣುವುದು ತಪ್ಪಾದೀತು. ತೆಜುಕಾ ಅವರ ದೊಡ್ಡ ಕಣ್ಣುಗಳು ಡಿಸ್ನಿ ಮತ್ತು ಫ್ಲೈಶರ್ ಅವರ ಅಮೆರಿಕನ್ ಕಾರ್ಟೂನ್ ಚಿತ್ರಗಳಿಂದ ಬಂದವು. ಹೀಗಾಗಿ ಮಾಂಗಾದ ಹೆಗ್ಗುರುತೆಂದು ತೋರಿಸಲಾಗುವ ಲಕ್ಷಣವೇ ಅಮೆರಿಕದ ಸಾಲ. ಆ ಸಾಲ ಆಮೇಲೆ ತೀರಿತು: ಕಾಜುಒ ಕೊಯಿಕೆ ಮತ್ತು ಗೋಸೆಕಿ ಕೊಜಿಮಾ ಅವರ ‘ಒಂಟಿ ತೋಳ ಮತ್ತು ಮರಿ’ಯನ್ನು ಮೆಚ್ಚಿದ ಫ್ರ್ಯಾಂಕ್ ಮಿಲ್ಲರ್ 1983ರಲ್ಲಿ ‘ರೋನಿನ್’ ರಚಿಸಿ, 1987ರಲ್ಲಿ ಮೂಲಕೃತಿಯ ಇಂಗ್ಲಿಷ್ ಆವೃತ್ತಿಗೆ ಮುಖಪುಟಗಳನ್ನೂ ಬರೆದರು. ಕಾತ್ಸುಹಿರೊ ಒಟೊಮೊ ಅವರ ‘ಅಕಿರಾ’ 1988ರಿಂದ ಅಮೆರಿಕದಲ್ಲಿ ಹೊರಬಂದಾಗ ಅಲ್ಲಿಯ ಓದುಗರಿಗಾಗಿ ಸ್ಟೀವ್ ಓಲಿಫ್ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದರು. ಚೊಕ್ಕವಾಗಿ ಮುದ್ರಿಸಿದ ಆ ಬಣ್ಣ ಎಷ್ಟೇ ಸೊಗಸಾಗಿದ್ದರೂ ಒಟೊಮೊ ಅವರ ಕಪ್ಪುಬಿಳುಪಿನ ಕಟ್ಟಡಗಳ ಭಾರವನ್ನು ಅದು ಸ್ವಲ್ಪ ಹಗುರಗೊಳಿಸಿತೆಂದೇ ಹೇಳಬೇಕು.

ಓದುವ ದಿಕ್ಕಿನ ಪ್ರಶ್ನೆ ಕನ್ನಡದ ದೃಷ್ಟಿಯಿಂದ ಬಹಳ ಕುತೂಹಲದ್ದು. ಮಾಂಗಾ ಬಲದಿಂದ ಎಡಕ್ಕೆ ಸಾಗುತ್ತದೆ. ಮೊದಲಿಗೆ ಅಮೆರಿಕದ ಪ್ರಕಾಶಕರು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಿದಾಗ ಕತ್ತಿವರಸೆಯವರೆಲ್ಲ ಎಡಚರಾದರು, ಕಿಮೊನೊದ ಸೆರಗು ಶವಕ್ಕೆ ಉಡಿಸುವ ರೀತಿಯಲ್ಲಿ ಮಡಿಚಿಕೊಂಡಿತು. 2002ರ ಹೊತ್ತಿಗೆ ಟೋಕಿಯೋಪಾಪ್ ಮುಂತಾದವರು ಮೂಲ ದಿಕ್ಕನ್ನೇ ಉಳಿಸಿಕೊಂಡರು. ಎಡದಿಂದ ಬಲಕ್ಕೆ ಬರೆಯುವ ಕನ್ನಡಿಗರಿಗೆ ಇದು ತೊಡಕೆಂದು ತೋರಬಹುದು. ಆದರೆ ಹೊಯ್ಸಳ ದೇವಾಲಯಗಳ ಕಥಾಪಟ್ಟಿಕೆಗಳು ಸಾಮಾನ್ಯವಾಗಿ ಪ್ರದಕ್ಷಿಣೆಯ ಕ್ರಮದಲ್ಲಿವೆ, ಮತ್ತು ಪ್ರದಕ್ಷಿಣೆ ಬರುವವನು ಗೋಡೆಗೆ ಮುಖ ಮಾಡಿ ನಿಂತರೆ ಆ ಕಥೆ ಸಾಗುವುದು ಬಲದಿಂದ ಎಡಕ್ಕೇ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ದಕ್ಷಿಣ ಗೋಡೆಯ ಎಪ್ಪತ್ತು ಫಲಕಗಳ ರಾಮಾಯಣ ಅಪ್ರದಕ್ಷಿಣವಾಗಿ ಸಾಗುವುದನ್ನು ವಿದ್ವಾಂಸರು ವಿಶೇಷವೆಂದು ಗುರುತಿಸುತ್ತಾರೆ. ಅಂದರೆ ಇಂದಿನ ಪುಸ್ತಕದ ದಿಕ್ಕೇ ಅಲ್ಲಿ ಅಪವಾದ. ಊರೂರಿನ ವೀರಗಲ್ಲುಗಳಂತೂ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸಾನ್ನಿಧ್ಯ ಹೀಗೆ ಕೆಳಗಿನಿಂದ ಮೇಲಕ್ಕೆ ಓದಿಸಿಕೊಳ್ಳುತ್ತವೆ. ದಿಕ್ಕು ಅಭ್ಯಾಸದ ಮಾತು. ಈ ನಾಡಿಗೆ ಒಂದೇ ಅಭ್ಯಾಸ ಎಂದೂ ಇರಲಿಲ್ಲ.

ಹುಕ್ಕೇರಿ ತಾಲೂಕಿನ ಸಂಕೇಶ್ವರದಂಥ ಗಡಿಯೂರಿನಲ್ಲಿ ನಿಂತು ನೋಡಿದರೆ ಇನ್ನೊಂದು ಸಂಬಂಧ ಕಾಣುತ್ತದೆ. ಪುಣೆ ಬೆಂಗಳೂರು ಹೆದ್ದಾರಿಯಿಂದ ಅಲ್ಲಿ ಕವಲೊಡೆಯುವ ರಸ್ತೆ ಗಡಹಿಂಗ್ಲಜ, ಆಜರಾ ದಾಟಿ ಹಿರಣ್ಯಕೇಶಿ ನದಿಯ ಉಗಮವಾದ ಅಂಬೋಲಿಯ ಮೇಲೆ ಘಟ್ಟವಿಳಿದು ಸಾವಂತವಾಡಿಗೆ ಹೋಗುತ್ತದೆ. ಅದರಾಚೆ ಕುಡಾಳದ ಬಳಿಯ ಪಿಂಗುಳಿಯಲ್ಲಿ ಠಾಕರ ಸಮುದಾಯದವರು ಉಳಿಸಿಕೊಂಡು ಬಂದ ಚಿತ್ರಕಥಿ ಪರಂಪರೆಯಿದೆ. ಕಾಗದದ ಮೇಲೆ ಬರೆದ ಬಿಡಿ ಚಿತ್ರಗಳ ಪೋಥಿಯನ್ನು ಮುಂದಿಟ್ಟುಕೊಂಡು, ಒಂದೊಂದೇ ಚಿತ್ರ ತೋರಿಸುತ್ತ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಹಾಡಿ ಹೇಳುವ ಈ ಕಲೆಗೂ ಕಾಮಿಶಿಬಾಯ್‌ಗೂ ಇರುವ ಸಾಮ್ಯ ಬೆರಗು ಹುಟ್ಟಿಸುವಂಥದು. ಪಕ್ಕಮುಖದ ಆಕೃತಿ, ಮುಖದ ಅರ್ಧದಷ್ಟನ್ನು ತುಂಬುವ ಕಣ್ಣು, ಗಟ್ಟಿ ಹೊರಗೆರೆ ಇವು ಕರ್ನಾಟಕದ ತೊಗಲುಗೊಂಬೆಗಳಲ್ಲಿಯೂ ಇವೆ. ಜಪಾನಿನಲ್ಲಿ ಬೀದಿಯ ಚಿತ್ರಗಾರ ಮುದ್ರಣಾಲಯಕ್ಕೆ ಹೋದ. ಇಲ್ಲಿ ಆ ದಾಟು ನಡೆಯಲಿಲ್ಲ. ಇಲ್ಲಿಯ ಮುದ್ರಿತ ಚಿತ್ರಕಥೆ ಬಹುಮಟ್ಟಿಗೆ ಮುಂಬಯಿಯ ಕಚೇರಿಯಿಂದ ಸಿದ್ಧವಾಗಿ ಬಂದಿತು. ಇಂದು ಇದೇ ಸೀಮೆಯ ಮಕ್ಕಳು ಹಿಂದಿ ಡಬ್ಬಿಂಗ್‌ನಲ್ಲಿ ಡೋರೇಮಾನ್, ಶಿನ್‌ಚಾನ್ ನೋಡುತ್ತಾರೆ. ಎರಡೂ ಮೂಲದಲ್ಲಿ ಮಾಂಗಾಗಳೆಂಬುದು ಹೆಚ್ಚಿನವರಿಗೆ ತಿಳಿಯದಿದ್ದರೂ ಬೆವರ ಹನಿಯಿಂದ ಮುಜುಗರವನ್ನೂ ಹಣೆಯ ಉಬ್ಬಿದ ನರದಿಂದ ಸಿಟ್ಟನ್ನೂ ಸೂಚಿಸುವ ಆ ಶೈಲಿಯ ಸಂಕೇತಗಳನ್ನು ಅವರ ಕಣ್ಣು ಆಗಲೇ ಕಲಿತಿದೆ.

ಮಾಂಗಾವನ್ನು ಕನ್ನಡಕ್ಕೆ ತರಲು ಹೊರಟವರಿಗೆ ಎದುರಾಗುವ ತೊಡಕು ಬೇರೆ ಕಡೆಯಿದೆ. ಜಪಾನೀ ಬರಹ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಅಲ್ಲಿಯ ಮಾತಿನ ಗುಳ್ಳೆಗಳು ಉದ್ದ ಮತ್ತು ಇಕ್ಕಟ್ಟು. ಪ್ರತ್ಯಯಗಳನ್ನು ಕೂಡಿಸಿಕೊಂಡು ಬೆಳೆಯುವ, ಒತ್ತಕ್ಷರಗಳಿಗೆ ಸಾಲಿನ ಕೆಳಗೂ ಜಾಗ ಬೇಡುವ ಕನ್ನಡ ಪದಗಳು ಅದರೊಳಗೆ ಕೂರುವುದಿಲ್ಲ. ಅಮೆರಿಕದ ಅಡ್ಡಗುಳ್ಳೆ ಈ ವಿಷಯದಲ್ಲಿ ಕನ್ನಡಕ್ಕೆ ಒಗ್ಗುತ್ತದೆ. ಸದ್ದಿನ ಅಕ್ಷರಗಳಲ್ಲಿ ಮಾತ್ರ ಕನ್ನಡ ಜಪಾನೀಯ ಕಡೆಗೇ ವಾಲುತ್ತದೆ: ಮಾಂಗಾದಲ್ಲಿ ನಿಶ್ಶಬ್ದಕ್ಕೂ ಹೊಳಪಿಗೂ ಅನುಕರಣ ಪದಗಳಿದ್ದು ಅವನ್ನು ಚಿತ್ರದ ಭಾಗವಾಗಿಯೇ ಬಿಡಿಸುತ್ತಾರೆ; ಥಳಥಳ, ಬಿಕೋ, ಗವ್ವೆನ್ನುವ ಕತ್ತಲು ಇರುವ ಭಾಷೆಗೆ ಇದು ಹೊಸದಲ್ಲ. ಆದರೂ ಕನ್ನಡದ ಚಿತ್ರಕಥೆಗಳಲ್ಲಿ ಗುದ್ದಿಗೆ ಹಿಂದಿ ಸಿನಿಮಾದಿಂದ ಬಂದ ಢಿಶುಂ ಒಂದೇ ಸಾಕೆನಿಸಿದ್ದು ಅನುಕರಣೆಯ ಸೋಮಾರಿತನ.

ಕನ್ನಡದಲ್ಲಿ ಕಪ್ಪುಗೆರೆಯ ಸಂಪ್ರದಾಯವಿರಲಿಲ್ಲ ಎನ್ನುವಂತಿಲ್ಲ. ರಾಶಿಯವರು 1942ರಲ್ಲಿ ಆರಂಭಿಸಿದ ಕೊರವಂಜಿ ಹಾಸ್ಯಪತ್ರಿಕೆಯಲ್ಲಿ ಆರ್.ಕೆ. ಲಕ್ಷ್ಮಣರು ಎಳೆಯ ವಯಸ್ಸಿನಲ್ಲೇ ಚಿತ್ರ ಬರೆದರು. ಕನ್ನಡದ ವ್ಯಂಗ್ಯಚಿತ್ರ ಬಣ್ಣದ ಹಂಗಿಲ್ಲದೆ ಬೆಳೆದದ್ದು. ಚಂದಮಾಮದ ಮುಖಪುಟಗಳಲ್ಲಿ ಎಂ.ಟಿ.ವಿ. ಆಚಾರ್ಯರು ಮೂಡಿಸಿದ ಮಹಾಭಾರತ ವರ್ಣಚಿತ್ರದ ಕಡೆಯ ಶಿಖರವಾದರೆ, ವ್ಯಂಗ್ಯಚಿತ್ರಕಾರರ ಗೆರೆ ರೇಖೆಯ ಕಡೆಯ ಶಿಖರ. ಇವೆರಡರ ನಡುವೆ ನೂರಾರು ಪುಟಗಳ ದೀರ್ಘ ಚಿತ್ರಕಥೆ ಮಾತ್ರ ಹುಟ್ಟಲಿಲ್ಲ. ನಾಲ್ಕು ಬಣ್ಣದ ಮೂವತ್ತೆರಡು ಪುಟವೇ ಚಿತ್ರಕಥೆಯೆಂದು ನಂಬಿದ್ದರಿಂದ ಚಿಕ್ಕ ಪ್ರಕಾಶಕರಿಗೆ ಅದು ಕೈಗೆಟುಕಲಿಲ್ಲ, ಮತ್ತು ಬಿಡಿ ನಗೆಚಿತ್ರಕ್ಕೆ ಸಂಭಾವನೆ ಕೊಡುತ್ತಿದ್ದ ಪತ್ರಿಕೆಗಳು ಅದೇ ಗೆರೆಗೆ ಧಾರಾವಾಹಿಯ ಜಾಗ ಕೊಡಲಿಲ್ಲ.

ಆದುದರಿಂದ ಕನ್ನಡದ ಯುವ ಚಿತ್ರಕಾರರು ಮಾಂಗಾದಿಂದ ಕಲಿಯಬೇಕಾದದ್ದು ಕಣ್ಣಿನ ಅಳತೆಯನ್ನಲ್ಲ. ಬೆಂಗಳೂರಿನ ಕಾಮಿಕ್ ಮೇಳಗಳಲ್ಲಿ ಕಾಣುವ ಅನುಕರಣೆಗಳಲ್ಲಿ ಆ ಕಣ್ಣು, ಆ ಕೂದಲು ಧಾರಾಳವಾಗಿವೆ. ಸಾವಧಾನ ಮಾತ್ರ ಇಲ್ಲ. ಒಂದೇ ಶಾಯಿ, ಅಗ್ಗದ ಕಾಗದ, ಬೇಕಾದಷ್ಟು ಪುಟ, ಹಕ್ಕು ಕೈಯಲ್ಲಿರುವ ಒಬ್ಬ ಕರ್ತೃ ಇವು ಮಾಂಗಾದ ಬಂಡವಾಳ, ಮತ್ತು ಇವು ಕನ್ನಡಕ್ಕೆ ದುಬಾರಿಯಲ್ಲ. 1921ರ ಕರ್ಮವೀರದಿಂದ 1965ರ ಸುಧಾವರೆಗೆ ಕನ್ನಡದ ವಾರಪತ್ರಿಕೆಗಳು ಕಾದಂಬರಿಗಳನ್ನು ಕಂತುಕಂತಾಗಿ ಓದಿಸಿ ಒಂದು ಓದುಗ ಸಮೂಹವನ್ನೇ ಬೆಳೆಸಿದವು. ಅದೇ ಜಾಗದಲ್ಲಿ ಒಬ್ಬ ಚಿತ್ರಕಾರನಿಗೆ ಕಪ್ಪುಬಿಳುಪಿನ ಎಂಟು ಪುಟಗಳನ್ನು ಬಿಟ್ಟುಕೊಡುವ ಧೈರ್ಯವನ್ನು ಸಂಪಾದಕರೊಬ್ಬರು ಮಾಡಬೇಕು. ವಾರಕ್ಕೆ ಎಂಟೆಂದರೂ ವರ್ಷಕ್ಕೆ 416 ಪುಟವಾಗುತ್ತದೆ.